ನೇರ ಹೋಗಿ, ಎಡಕ್ಕೆ ತಿರುಗಿ

ನನ್ನ ಇಂಗ್ಲಿಷ್ ತರಗತಿಯಲ್ಲಿ ಪ್ರಶ್ನೆಗಳಿರಲಿಲ್ಲ. ಉತ್ತರಗಳಷ್ಟೇ ಇದ್ದವು. ಅದು ಚಿಕ್ಕ ದೊರೆಯ ಅಪ್ಪಣೆ.

ತೋಟದಲ್ಲಿ ಮ್ಯಾನೇಜರು ದೊಡ್ಡ ದೊರೆ, ಅವನ ಕೈಕೆಳಗಿನವನು ಚಿಕ್ಕ ದೊರೆ. ಬಿಳಿಯರು ಸಿಲೋನು ಬಿಟ್ಟು ಹೋದರು, ದೊರೆತನವನ್ನು ಇಲ್ಲೇ ಬಿಟ್ಟು ಹೋದರು. ದೊಡ್ಡ ದೊರೆ ಬಂಗಲೆಯಿಂದ ಇಳಿಯುವುದು ಅಪರೂಪ. ಬೆಳಿಗ್ಗೆ ಹೆಸರು ಕೂಗುವುದು, ಹೆಸರು ಕಡಿದು ಕೂಲಿ ತಪ್ಪಿಸುವುದು, ಬೈಯುವುದು ಎಲ್ಲ ಚಿಕ್ಕ ದೊರೆಯ ಪಾಲಿನದು. ಕೊಲಂಬೊದ ಹುಡುಗ. ಮೊಣಕಾಲಿನವರೆಗೆ ಬಿಳಿ ಕಾಲುಚೀಲ. ನಮ್ಮ ಭಾಷೆಯಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದದ್ದು ಬೈಗುಳ ಮಾತ್ರ.

ಆ ವರ್ಷ ತೋಟಕ್ಕೆ ಪ್ರವಾಸಿಗಳು ಬರತೊಡಗಿದ್ದರು, ಅವರಿಗೆಂದು ಗುಡ್ಡದ ಮೇಲೆ ಒಂದು ಕೆಫೆಯೂ ಎದ್ದಿತ್ತು. ಅವರಿಗೆ ಚಹಾ ಗಿಡಕ್ಕಿಂತ ಚಹಾ ಕೀಳುವ ಹೆಂಗಸರನ್ನು ನೋಡುವ ಆಸೆ. ಆ ಹೆಂಗಸರು ನಾಲ್ಕು ಮಾತು ಇಂಗ್ಲಿಷ್ ಆಡಿದರೆ ಇನ್ನೂ ಚೆಂದ ಎಂದು ಕಂಪನಿಗೆ ಹೊಳೆಯಿತು. ಕೂಲಿಗಳ ಲೈನು ಮನೆಯಲ್ಲಿ ಹುಟ್ಟಿ ಬಿ.ಎಸ್ಸಿ. ಮುಗಿಸಿ, ಫ್ಯಾಕ್ಟರಿಯ ಮೂಲೆಯಲ್ಲಿ ಚಿಗುರಿನ ತೇವ ಅಳೆಯುತ್ತ ಕೂತಿದ್ದವಳು ನಾನೊಬ್ಬಳು. ಚಿಕ್ಕ ದೊರೆ ನನ್ನನ್ನು ಕರೆಸಿ ಒಂದು ಹಾಳೆ ಕೊಟ್ಟ. ಇಷ್ಟು ಮಾತು ಕಲಿಸು, ಕ್ರಿಯಾಪದದ ಮೂರು ಕಾಲ ಕಲಿಸು, ಅಲ್ಲಿಗೆ ನಿಲ್ಲಿಸು ಎಂದ. ಪ್ರಶ್ನೆ ಕೇಳುವುದು ಅತಿಥಿಗಳ ಕೆಲಸ, ಇವರದು ಉತ್ತರ ಹೇಳುವುದು ಎಂದ.

ಹಾಳೆಯಲ್ಲಿ ಇದ್ದದ್ದು ಇವು. ಗುಡ್ ಮಾರ್ನಿಂಗ್ ಮೇಡಮ್. ಐ ಆಮ್ ಫೈನ್, ಥ್ಯಾಂಕ್ ಯೂ. ದ ವೆದರ್ ಈಸ್ ನೈಸ್ ಟುಡೇ. ಒಂದೇ ಒಂದು ಪ್ರಶ್ನೆಗೆ ರಿಯಾಯಿತಿ ಸಿಕ್ಕಿತ್ತು: ವುಡ್ ಯೂ ಲೈಕ್ ಸಮ್ ಮೋರ್ ಟೀ? ಇನ್ನೂ ಸ್ವಲ್ಪ ಚಹಾ ಬೇಕೆ? ಅದರಲ್ಲಿ ನಾವು ಬೇಡುವುದೇನೂ ಇರಲಿಲ್ಲ, ಕೊಡುವುದಷ್ಟೇ ಇತ್ತು. ಅದಕ್ಕೇ ರಿಯಾಯಿತಿ.

ಸಂಜೆ ಚಿಗುರಿನ ತೂಕ ಮುಗಿದ ಮೇಲೆ ಹೆಂಗಸರು ಕೂಸಿನ ಕೋಣೆಗೆ ಬರುತ್ತಿದ್ದರು. ಹಗಲಲ್ಲಿ ಮಕ್ಕಳನ್ನು ಬಿಟ್ಟು ಹೋಗುವ ಕೋಣೆ ಅದು. ಸೀರೆಯ ತೊಟ್ಟಿಲುಗಳ ಕೆಳಗೆ ಕಾಲು ಚಾಚಿ ಕೂರುತ್ತಿದ್ದರು. ಇಂಬಳ ಹತ್ತದಿರಲೆಂದು ಕಾಲಿಗೆ ಸವರಿದ ಸಾಬೂನು, ಸುಣ್ಣದ ವಾಸನೆ ಕೋಣೆ ತುಂಬುತ್ತಿತ್ತು. ಬೆರಳುಗಳು ಚಹಾದ ಕಲೆ ಹತ್ತಿ ಕಪ್ಪಾಗಿದ್ದವು. ಆ ಬೆರಳಿಗೆ ಸೀಮೆಸುಣ್ಣ ಕೊಟ್ಟರೆ ಮುರಿಯುತ್ತಿತ್ತು. ಬಾಯಿಗೆ ಕೊಟ್ಟದ್ದನ್ನು ಮಾತ್ರ ಬಿಡುತ್ತಿರಲಿಲ್ಲ.

'ಹೋಗು' ಎಂಬ ಕ್ರಿಯಾಪದದಿಂದ ಶುರುಮಾಡಿದೆ. ಐ ಗೋ, ಐ ವೆಂಟ್, ಐ ವಿಲ್ ಗೋ. ನನ್ನ ಅಮ್ಮನ ತಂಗಿ ಸೊರ್ಣಂ ಚಿಕ್ಕಮ್ಮ ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ನಿನ್ನೆಯೂ ಚಿಗುರು ಕೀಳೋಕೆ ಮಲೆಗೆ ಹೋದೆ, ಇವತ್ತೂ ಹೋಗ್ತೀನಿ, ನಾಳೆಯೂ ಹೋಗ್ತೀನಿ, ನಮಗೆ ಮೂರು ಕಾಲ ಯಾಕೆ, ಒಂದು ಸಾಲದಾ ಎಂದಳು. ಎಲ್ಲರೂ ನಕ್ಕರು. ಪರೀಕ್ಷೆಗಾಗಿ ಕಲಿತಾಗ ನನಗೆ ಈ ಅನುಮಾನ ಬಂದಿರಲಿಲ್ಲ.

ಹಾಳೆಯ ಕೊನೆಯ ಸಾಲು: ಗೋ ಸ್ಟ್ರೇಟ್. ಟರ್ನ್ ಲೆಫ್ಟ್. ಬಿಹೈಂಡ್ ದ ಕೆಫೆ. ನೇರ ಹೋಗಿ, ಎಡಕ್ಕೆ ತಿರುಗಿ, ಕೆಫೆಯ ಹಿಂದೆ.

"ಕೆಫೆ ಹಿಂದೆ ಏನೈತೆ?" ಎಂದಳು ಚಿಕ್ಕಮ್ಮ.

"ಕಕ್ಕಸು. ಬಂದವರು ಕೇಳಿದರೆ ಹೇಳೋದಕ್ಕೆ."

ಆ ಕಕ್ಕಸಿನ ಬಾಗಿಲ ಮೇಲೆ ಬೋರ್ಡು ಇತ್ತು, ಅತಿಥಿಗಳಿಗೆ ಮಾತ್ರ ಎಂದು. ಮೂರು ಭಾಷೆಯಲ್ಲಿ. ನಮ್ಮದನ್ನು ದಪ್ಪಕ್ಷರದಲ್ಲಿ ಬರೆಸಿದ್ದರು, ಓದಲೇಬೇಕಾದವರು ನಾವೇ ಆದ್ದರಿಂದ.

"ನಾವು ಕಾಲಿಡದ ಜಾಗಕ್ಕೆ ನಾವೇ ದಾರಿ ತೋರ್ಸೋದು," ಎಂದಳು ಚಿಕ್ಕಮ್ಮ. "ಕುರುಡಿ ಕನ್ನಡಿ ಮಾರಿದ ಹಾಗೆ. ಆಗ್ಲಿ, ಹೇಳ್ಕೊಡೇ."

ಕಲಿತರು. ಎಷ್ಟು ಚೆನ್ನಾಗಿ ಕಲಿತರೆಂದರೆ, ಮನೆಗೆ ಹೋಗುವ ದಾರಿಯಲ್ಲಿ ಒಬ್ಬರಿಗೊಬ್ಬರು ಅದನ್ನೇ ಹೇಳಿ ಬಿದ್ದು ಬಿದ್ದು ನಗುತ್ತಿದ್ದರು.

ಹಾಗಾದರೆ ಅವರು ಎಲ್ಲಿಗೆ ಹೋಗುತ್ತಿದ್ದರು? ಹೇಳುತ್ತೇನೆ. ಮಲೆಯ ನಡುವೆ ಒಂದು ಕೊರಕಲು ಇತ್ತು. ಎದೆಮಟ್ಟದ ಹುಲ್ಲು, ಕಾಡುಸೂರ್ಯಕಾಂತಿ. ನಮ್ಮ ಅಜ್ಜಿಯಂದಿರ ಕಾಲದಿಂದ ಅದೇ ಜಾಗ. ಅದಕ್ಕೊಂದು ಕಟ್ಟಳೆ ಇತ್ತು. ಅದರ ಹೆಸರು ಮರೆ. ಒಬ್ಬಳಿಗೆ ಅವಸರವಾದರೆ ಅಕ್ಕಪಕ್ಕದ ಸಾಲಿನವರು ಬರಬೇಕು. ಮುಳ್ಳು, ಇಬ್ಬನಿ ತಾಗದಿರಲೆಂದು ಸೊಂಟಕ್ಕೆ ಕಟ್ಟಿಕೊಳ್ಳುವ ಟಾರ್ಪಾಲು ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಹಿಡಿದು ಸುತ್ತ ನಿಲ್ಲಬೇಕು. ಬೆನ್ನು ಒಳಗೆ, ಮುಖ ಹೊರಗೆ. ತಿರುಗಿ ನೋಡಬಾರದು. ಸುಮ್ಮನೆಯೂ ನಿಲ್ಲಬಾರದು. ಒಳಗಿನ ಸದ್ದು ಹೊರಗೆ ಕೇಳದ ಹಾಗೆ ಗಟ್ಟಿಯಾಗಿ ಏನಾದರೂ ಮಾತಾಡಬೇಕು. ಮಾತು ಸಿಗದಿದ್ದರೆ ಜಗಳವಾದರೂ ಆಡಬೇಕು. ಕೊನೆಯದು ಎಲ್ಲಕ್ಕಿಂತ ದೊಡ್ಡದು: ಮರೆ ಪಡೆದವಳು ಮುಂದಿನವಳಿಗೆ ಮರೆ ನಿಲ್ಲಬೇಕು. ಅದನ್ನು ಯಾರೂ ತಪ್ಪಿಸುವ ಹಾಗಿಲ್ಲ. ಮಾತು ಬಿಟ್ಟ ಓರಗಿತ್ತಿಯರೂ ಅಲ್ಲಿ ಒಬ್ಬರಿಗೊಬ್ಬರು ಮರೆ ನಿಂತಿದ್ದಾರೆ.

ಕಂಪನಿ ಆ ಕೊರಕಲನ್ನು ಸವರಿ, ಅದರ ನೆತ್ತಿಯ ಮೇಲೆ ಮರದ ಅಟ್ಟಣೆ ಕಟ್ಟಿತು. ಪ್ರವಾಸಿಗಳು ನಿಂತು ಕಣಿವೆ ನೋಡಲು. ಅದರ ಕಟಾಂಜನಕ್ಕೆ ಒಂದು ದುರ್ಬೀನು ಬಿಗಿಯಿತು. ಎದುರಿನ ಶಿಖರ ನೋಡಲು ಇಟ್ಟದ್ದು. ಶಿಖರ ಬೇಸರವಾದರೆ ಕೆಳಗೂ ತಿರುಗುತ್ತಿತ್ತು.

ಅಂಜಲೈ ನನ್ನ ಅಣ್ಣನ ಹೆಂಡತಿ. ಮಾತು ಕಡಿಮೆ, ಕೈ ಚುರುಕು. ಒಂದು ದಿನ ಅವಳ ಸಾಲು ಉಳಿದವರಿಂದ ದೂರ ಬಿದ್ದಿತ್ತು, ತಡೆಯಲಾಗಲಿಲ್ಲ. ಗಿಡದ ಹಿಂದೆ ಒಬ್ಬಳೇ ಕೂತಳು. ಮೇಲಿನ ಅಟ್ಟಣೆಯಿಂದ ನಗು ಕೇಳಿತಂತೆ. ಮರುದಿನ ಬೆಳಿಗ್ಗೆ ಕೂಲಿಗಳು ಸೇರುವ ಕಳದಲ್ಲಿ ಹೆಸರು ಕೂಗುವಾಗ ಚಿಕ್ಕ ದೊರೆ ಅವಳನ್ನು ಮುಂದೆ ಕರೆದ. ಗಂಡಸರು, ಹೆಂಗಸರು, ಅವಳ ಗಂಡ, ಮಾವ ಎಲ್ಲರೂ ಇದ್ದರು. ಅತಿಥಿಗಳು ದುಡ್ಡು ಕೊಟ್ಟು ಬರುವುದು ಇವಳ ಕುಂಡೆ ನೋಡುವುದಕ್ಕಲ್ಲ ಎಂದ. ಅವಳ ಅರ್ಧ ಹೆಸರು, ಅಂದರೆ ಅರ್ಧ ದಿನದ ಕೂಲಿ, ಕಡಿದ.

ಅವತ್ತಿನಿಂದ ಅಂಜಲೈ ಮಲೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ರೊಟ್ಟಿಯನ್ನು ಒಣಒಣವಾಗಿಯೇ ನುಂಗುತ್ತಿದ್ದಳು. ಅವಳನ್ನು ನೋಡಿ ಉಳಿದವರೂ ಬಿಟ್ಟರು.

ಫ್ಯಾಕ್ಟರಿಯಲ್ಲಿ ನಾನು ದಿನವೂ ಅಳೆಯುತ್ತೇನೆ. ಚಿಗುರಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಮನುಷ್ಯರಲ್ಲೂ ಅರ್ಧಕ್ಕಿಂತ ಹೆಚ್ಚು ನೀರೇ. ಚಿಗುರಿನ ನೀರು ಹೋಗಲೆಂದು ಕಂಪನಿ ಉದ್ದದ ತೊಟ್ಟಿ, ಬಿಸಿಗಾಳಿ, ಫ್ಯಾನು ಎಲ್ಲ ಇಟ್ಟಿದೆ. ಕೀಳುವವರ ನೀರು ಎಲ್ಲಿಗೆ ಹೋಗಬೇಕು ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಅದು ಎಲ್ಲಿಗೂ ಹೋಗದಿದ್ದರೆ ಏನಾಗುತ್ತದೆ ಎಂಬುದು ಶರೀರಶಾಸ್ತ್ರದ ಮೊದಲ ಪಾಠ. ಅಂಜಲೈಗೆ ಉರಿ ಶುರುವಾಯಿತು, ಆಮೇಲೆ ಬೆನ್ನು ನೋವು, ಆಮೇಲೆ ನಡುಗುವ ಜ್ವರ.

ತೋಟದ ದವಾಖಾನೆಗೆ ಹೋದಳು. ಹೊಸ ಡಾಕ್ಟರು ತಲೆಯೆತ್ತದೆ ಇಂಗ್ಲಿಷಿನಲ್ಲಿ ಹೇಗಿದ್ದೀಯಾ ಎಂದು ಕೇಳಿದ. ಅಂಜಲೈಗೆ ಆ ಪ್ರಶ್ನೆ ಪ್ರವಾಸಿಗಳ ಬಾಯಲ್ಲಿ ಕೇಳಿ ಗೊತ್ತಿತ್ತು. ಉತ್ತರವೂ ಗೊತ್ತಿತ್ತು.

"ಐ ಆಮ್ ಫೈನ್, ಥ್ಯಾಂಕ್ ಯೂ" ಎಂದಳು.

ಅವನು ಎರಡು ಜ್ವರದ ಮಾತ್ರೆ ಕೊಟ್ಟು ಕಳಿಸಿದ. ಮೂರನೆಯ ದಿನ ಅವಳನ್ನು ಕಂಬಳಿಯಲ್ಲಿ ಹೊತ್ತು ಲಾರಿಗೆ ಹಾಕಿ ಪಟ್ಟಣದ ಆಸ್ಪತ್ರೆಗೆ ಒಯ್ದೆವು. ಸೋಂಕು ಮೂತ್ರಪಿಂಡಕ್ಕೆ ಹತ್ತಿತ್ತು. ಬದುಕಿದಳು. ಅಲ್ಲಿಯ ಡಾಕ್ಟರಮ್ಮ ಹೇಳಿ ಕಳಿಸಿದಳು: ಹಗಲೆಲ್ಲ ನೀರು ಕುಡಿಯಬೇಕು, ಬಂದಾಗ ಹೋಗಬೇಕು, ಇನ್ನೊಮ್ಮೆ ಹೀಗಾದರೆ ಮೂತ್ರಪಿಂಡ ಉಳಿಯುವುದಿಲ್ಲ.

ನಾನು ಚಿಕ್ಕ ದೊರೆಯ ಬಳಿ ಹೋದೆ. ಕೆಫೆಯ ಕಕ್ಕಸಿಗೆ ಹೆಂಗಸರನ್ನು ಬಿಡಿ, ಇಲ್ಲ ಮಲೆಯಲ್ಲಿ ಒಂದು ಕಟ್ಟಿಸಿ ಎಂದೆ. ಅವನು ನನ್ನ ಇಂಗ್ಲಿಷನ್ನು ಹೊಗಳಿದ. ಚಹಾ ಗಿಡಕ್ಕೆ ಗೊಬ್ಬರ ಬೇಕಲ್ಲವೇ, ವಿಜ್ಞಾನ ಓದಿದವಳು ನಿನಗೆ ಗೊತ್ತಿರಬೇಕಲ್ಲ ಎಂದು ತಾನೇ ನಕ್ಕ. ಇಂಗ್ಲೆಂಡಿನಿಂದ ದೊಡ್ಡ ಅತಿಥಿ ಬರುತ್ತಿದ್ದಾರೆ, ಪಾಠ ಗಟ್ಟಿಮಾಡಿಸು ಎಂದ.

ಆ ಸಂಜೆ ಹಾಳೆಯಲ್ಲಿ ಇಲ್ಲದ ಒಂದು ಮಾತು ಕಲಿಸಿದೆ. ನಾಟ್.

ಐ ಆಮ್ ನಾಟ್ ಫೈನ್. ಐ ಡು ನಾಟ್ ಗೋ. ಐ ವಿಲ್ ನಾಟ್ ಗೋ. ಯಾವ ಪಾಠವೂ ಅಷ್ಟು ಬೇಗ ಹತ್ತಿರಲಿಲ್ಲ. ಇಷ್ಟು ಚಿಕ್ಕದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಎಂದು ಬೈದಳು ಚಿಕ್ಕಮ್ಮ. ಅಂಜಲೈ ಗೋಡೆಗೆ ಒರಗಿ ತುಟಿ ಮಾತ್ರ ಆಡಿಸುತ್ತಿದ್ದಳು.

ಎಲ್ಲರೂ ಎದ್ದ ಮೇಲೆ ಚಿಕ್ಕಮ್ಮ ಹಿಂದೆ ಉಳಿದಳು. 'ಬಾ', 'ನಿಲ್ಲು', 'ಹೆದರಬೇಡ', ಈ ಮೂರಕ್ಕೆ ಏನಂತಾರೆ ಎಂದು ಕೇಳಿದಳು. ಹೇಳಿದೆ. ಯಾಕೆ ಎಂದು ಕೇಳಿದರೆ, "ನೀನು ಸಂಬಳದವಳು. ಗೊತ್ತಿಲ್ಲದಿದ್ರೆ ಒಳ್ಳೇದು" ಎಂದಳು.

ಅತಿಥಿಯ ಹೆಸರು ಮಿಸೆಸ್ ಪ್ರೆಂಟಿಸ್. ಪ್ರವಾಸಿಗಳನ್ನು ಕಳಿಸುವ ಸಂಸ್ಥೆಯ ಒಡತಿ. ಎಪ್ಪತ್ತರ ಹೆಂಗಸು, ಊರುಗೋಲು, ಮಂಡಿ ನೋವು. ಆಕೆ ಮೆಚ್ಚಿದರೆ ಬಸ್ಸುಗಟ್ಟಲೆ ಜನ ಬರುತ್ತಾರೆ ಎಂದು ಚಿಕ್ಕ ದೊರೆ ವಾರದಿಂದ ನಿದ್ದೆಗೆಟ್ಟಿದ್ದ. ಹೆಂಗಸರಿಗೆಲ್ಲ ಒಂದೇ ಬಣ್ಣದ ಕೆಂಪು ಸೀರೆ ಕೊಡಿಸಿದ. ದಿನವೂ ಪ್ಲಾಸ್ಟಿಕ್ ಚೀಲದಲ್ಲಿ ಚಿಗುರು ಹೊರುವವರಿಗೆ ಅವತ್ತು ಬೆತ್ತದ ಬುಟ್ಟಿ. ಎಲ್ಲಿ ತೋರಿಸುವುದು ಎಂಬ ಮಾತು ಬಂದಾಗ ಚಿಕ್ಕಮ್ಮ ಕೈಕಟ್ಟಿ ನಿಂತು ಸಲಹೆ ಕೊಟ್ಟಿದ್ದಳು. ಕೆಳಗಿನ ಮಲೆಯಲ್ಲಿ ಚಿಗುರು ಚೆನ್ನಾಗಿದೆ ದೊರೆ, ಹಿಂದೆ ಅಬ್ಬಿಯೂ ಬೀಳುತ್ತೆ, ಫೋಟೋಕ್ಕೆ ಲಕ್ಷಣ. ಕೂಲಿಯವಳಿಗೂ ಇಷ್ಟು ತಲೆ ಇದೆಯಲ್ಲ ಎಂದು ಅವನು ಬೆರಗಾದ.

ಜೀಪು ಆಕೆಯನ್ನು ಕೆಳಗಿನ ಮಲೆಗೆ ಇಳಿಸಿ, ಮಧ್ಯಾಹ್ನದ ಊಟ ತರಲು ಬಂಗಲೆಗೆ ಹೋಯಿತು. ಚಿಕ್ಕ ದೊರೆ ಮೊಬೈಲಿಗೆ ಸಿಗ್ನಲ್ ಹುಡುಕುತ್ತ ದೂರದ ಬಂಡೆ ಹತ್ತಿದ. ಅನುವಾದಕ್ಕೆ ನಾನಿದ್ದೆ. ಕೆಲಸ ಬೀಳಲಿಲ್ಲ. ಹೆಂಗಸರೇ ಮಾತಾಡಿದರು.

ಗುಡ್ ಮಾರ್ನಿಂಗ್ ಮೇಡಮ್. ದ ವೆದರ್ ಈಸ್ ನೈಸ್ ಟುಡೇ. ಮಿಸೆಸ್ ಪ್ರೆಂಟಿಸ್ ಹಿಗ್ಗಿದಳು. ಫ್ಯಾಕ್ಟರಿಯಲ್ಲಿ ರುಚಿ ನೋಡಲೆಂದು ಆಗಲೇ ಕಪ್ಪುಗಟ್ಟಲೆ ಕುಡಿದು ಬಂದಿದ್ದಳು. ಚಿಕ್ಕಮ್ಮ ಕೆಟಲಿನಿಂದ ಕಪ್ಪು ಚಹಾ ಬಗ್ಗಿಸಿ, ಬೆಲ್ಲದ ಚೂರಿನ ಜೊತೆ ಕೊಟ್ಟಳು. ಕುಡಿದಳು. ಪಕ್ಕದವಳು ಮುಂದೆ ಬಂದು ಕೈಮುಗಿದಳು. ವುಡ್ ಯೂ ಲೈಕ್ ಸಮ್ ಮೋರ್ ಟೀ? ಇಷ್ಟು ಮರ್ಯಾದೆಯಿಂದ ಕೇಳಿದವರಿಗೆ ಬೇಡ ಎನ್ನಲು ಇಂಗ್ಲಿಷಿನವರಿಗೆ ಬರುವುದಿಲ್ಲ. ಕುಡಿದಳು. ಇನ್ನೊಬ್ಬಳು ಬಂದಳು. ವುಡ್ ಯೂ ಲೈಕ್ ಸಮ್ ಮೋರ್ ಟೀ? ಆಮೇಲೆ ಇನ್ನೊಬ್ಬಳು. ನನಗೆ ಆಗ ಹೊಳೆಯಿತು. ಕೈಯಿಂದ ಬಾಯಿ ಮುಚ್ಚಿಕೊಂಡು ಅಬ್ಬಿಯ ಕಡೆ ತಿರುಗಿ ನಿಂತೆ. ಚಹಾ ಮೂತ್ರವನ್ನು ಹೆಚ್ಚಿಸುತ್ತದೆ, ಬೀಳುವ ನೀರಿನ ಸದ್ದು ಅದನ್ನು ಅವಸರಪಡಿಸುತ್ತದೆ. ಮೊದಲನೆಯದು ಪಠ್ಯದಲ್ಲಿದೆ. ಎರಡನೆಯದು ಚಿಕ್ಕಮ್ಮನಿಗೆ ಗೊತ್ತಿತ್ತು.

ಕೊನೆಗೆ ಅಂಜಲೈಯ ಸರದಿ. ಮಿಸೆಸ್ ಪ್ರೆಂಟಿಸ್ ಅವಳ ಮುಖ ನೋಡಿ, ನೀನೂ ಕುಡಿ, ಒಬ್ಬಳೇ ಎಷ್ಟು ಕುಡಿಯಲಿ ಎಂದು ಲೋಟ ಅವಳ ಕೈಗೇ ಕೊಟ್ಟಳು. ಅಂಜಲೈ ಚಿಕ್ಕಮ್ಮನ ಕಡೆ ನೋಡಿದಳು. ಇದು ಚಿಕ್ಕಮ್ಮನ ಲೆಕ್ಕದಲ್ಲಿ ಇರಲಿಲ್ಲ. ಆದರೂ ಕುಡಿ ಎಂದು ಕಣ್ಣಲ್ಲೇ ಹೇಳಿದಳು. ಎಷ್ಟೋ ದಿನಗಳ ಮೇಲೆ ಮಲೆಯ ಮೇಲೆ ಅಂಜಲೈಯ ಗಂಟಲಿಗೆ ನೀರಿಳಿಯಿತು.

ಸ್ವಲ್ಪ ಹೊತ್ತಿಗೆ ಮಿಸೆಸ್ ಪ್ರೆಂಟಿಸ್ ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸತೊಡಗಿದಳು. ಕೊನೆಗೆ ದನಿ ತಗ್ಗಿಸಿ ಕಕ್ಕಸು ಎಲ್ಲಿ ಎಂದು ಕೇಳಿದಳು.

ಎಲ್ಲರೂ ಒಟ್ಟಿಗೆ ಉತ್ತರ ಹೇಳಿದರು. ಗೋ ಸ್ಟ್ರೇಟ್. ಟರ್ನ್ ಲೆಫ್ಟ್. ಬಿಹೈಂಡ್ ದ ಕೆಫೆ. ಒಂದು ಅಕ್ಷರ ತಪ್ಪಲಿಲ್ಲ. ಚಿಕ್ಕಮ್ಮ ಕೈಯೆತ್ತಿ ತೋರಿಸಿದಳು. ಕೆಫೆ ಗುಡ್ಡದ ನೆತ್ತಿಯ ಮೇಲೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

ಮಿಸೆಸ್ ಪ್ರೆಂಟಿಸ್ ಗುಡ್ಡ ನೋಡಿದಳು. ತನ್ನ ಮಂಡಿ ನೋಡಿದಳು. ಜೀಪಿನ ಸುಳಿವಿಲ್ಲ. ಆಮೇಲೆ ಕೇಳಿದಳು, ಹಾಗಾದರೆ ನೀವೆಲ್ಲ ಎಲ್ಲಿಗೆ ಹೋಗುತ್ತೀರಿ?

ಆ ಪ್ರಶ್ನೆಗೆ ಹಾಳೆಯಲ್ಲಿ ಉತ್ತರವಿರಲಿಲ್ಲ. ಚಿಕ್ಕಮ್ಮ ಎಲೆ ಅಡಿಕೆ ಉಗಿದು ಬಾಯಿ ಒರೆಸಿಕೊಂಡಳು.

"ಕಮ್" ಎಂದಳು.

ಗಿಡಗಳ ನಡುವೆ ಕರೆದುಕೊಂಡು ಹೋದಳು. ಟಾರ್ಪಾಲುಗಳು ಬುಟ್ಟಿಯ ತಳದಲ್ಲಿ ಮಡಿಸಿ ಇದ್ದವು. ಕೆಂಪು ಸೀರೆ ಮುಚ್ಚಿಹೋಗುತ್ತದೆಂದು ಅವತ್ತು ಅವನ್ನು ಉಡಬಾರದೆಂದಿತ್ತು. ಈಗ ಹೊರಗೆ ಬಂದವು. ಅಂಚಿಗೆ ಅಂಚು ಸೇರಿತು. ಬೆನ್ನು ಒಳಗೆ, ಮುಖ ಹೊರಗೆ. ಮಿಸೆಸ್ ಪ್ರೆಂಟಿಸ್ ನಡುವೆ ನಿಂತು ಮೇಲೆ ನೋಡಿದಳು. ಅಟ್ಟಣೆಯ ಮೇಲೆ ಯಾರೋ ಇದ್ದರು, ದುರ್ಬೀನಿನ ಗಾಜು ಹೊಳೆಯಿತು. ಹೆದರಬೇಡ ಎಂದಳು ಚಿಕ್ಕಮ್ಮ ಇಂಗ್ಲಿಷಿನಲ್ಲಿ, ಟಾರ್ಪಾಲಿನ ಆ ಕಡೆಯ ಅಂಚನ್ನು ತಲೆಗಿಂತ ಎತ್ತರಕ್ಕೆ ಹಿಡಿದು.

ಮರೆ ನಿಂತವರು ಸುಮ್ಮನಿರಬಾರದಲ್ಲ. ಅತಿಥಿಗೆ ಅತಿಥಿಯ ಭಾಷೆಯಲ್ಲೇ ಮರ್ಯಾದೆ. ಅವರಿಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಗಂಟಲು ಹರಿಯುವ ಹಾಗೆ ಕೂಗಿದರು. ಐ ಗೋ. ಐ ವೆಂಟ್. ಐ ವಿಲ್ ಗೋ. ಹೌ ಆರ್ ಯೂ? ಐ ಆಮ್ ಫೈನ್. ಐ ಆಮ್ ನಾಟ್ ಫೈನ್. ವುಡ್ ಯೂ ಲೈಕ್ ಸಮ್ ಮೋರ್ ಟೀ? ಮೂರು ಕಾಲವೂ ಕಣಿವೆಗೆ ಬಡಿದು ತಿರುಗಿ ಬಂದವು. ಒಳಗಿನಿಂದ ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಂದು ನಗು. ಮುದುಕಿಯ ನಗು ನಿಲ್ಲಲಿಲ್ಲ.

ಕೂಗು ಕೇಳಿ ಚಿಕ್ಕ ದೊರೆ ಬಂಡೆಯಿಂದ ಓಡಿ ಬಂದ. ಸುತ್ತುಗಟ್ಟಿದ ಟಾರ್ಪಾಲು ನೋಡಿದ, ಎಣಿಸಿದ, ಒಳಗೆ ಯಾರೆಂದು ತಿಳಿಯಿತು. ಮುಖ ಸುಣ್ಣವಾಯಿತು.

ಮಿಸೆಸ್ ಪ್ರೆಂಟಿಸ್ ಸ್ಕರ್ಟು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. ಕಣಕಾಲಿಗೆ ಒಂದು ಇಂಬಳ ಹತ್ತಿತ್ತು. ಅಂಜಲೈ ಬಗ್ಗಿ ಸುಣ್ಣ ಮುಟ್ಟಿಸಿ ಬಿಡಿಸಿದಳು. ಬಗ್ಗಿದವಳು ಹಾಗೇ ಹೊಟ್ಟೆ ಹಿಡಿದುಕೊಂಡಳು. ಕುಡಿದ ಚಹಾ ಅವಳನ್ನೂ ಬಿಟ್ಟಿರಲಿಲ್ಲ.

ಹೆಂಗಸರು ಮತ್ತೆ ಅಂಚು ಸೇರಿಸಲು ಹೋದರು. ಅಂಜಲೈ ನೆಟ್ಟಗೆ ನಿಂತಳು. ತರಗತಿಯಲ್ಲಿ ಅವಳ ದನಿ ನಾನು ಸರಿಯಾಗಿ ಕೇಳಿರಲಿಲ್ಲ. ಅವತ್ತು ಕೇಳಿತು.

"ಐ ವಿಲ್ ನಾಟ್ ಗೋ ಹಿಯರ್."

ಇಲ್ಲಿ ಹೋಗಲ್ಲ. ಕೈಯೆತ್ತಿ ಗುಡ್ಡದ ನೆತ್ತಿ ತೋರಿಸಿದಳು.

ಆಗ ನನಗೆ ಅನುವಾದದ ಕೆಲಸ ಬಿತ್ತು. ಮರೆಯ ಕೊನೆಯ ಕಟ್ಟಳೆಯನ್ನು ಈ ಅಮ್ಮನಿಗೆ ಹೇಳು ಎಂದಳು ಚಿಕ್ಕಮ್ಮ. ಹೇಳಿದೆ. ಅಂಜಲೈಯ ಜ್ವರದ ಕಥೆಯನ್ನೂ, ಅರ್ಧ ಹೆಸರಿನ ಕಥೆಯನ್ನೂ ಹೇಳಿದೆ. ಚಿಕ್ಕ ದೊರೆ ನಡುವೆ ಬಾಯಿ ಹಾಕಿದ. ಮಿಸೆಸ್ ಪ್ರೆಂಟಿಸ್ ಊರುಗೋಲೆತ್ತಿ ಅವನನ್ನು ತಡೆದಳು. ನ್ಯಾಯವಾದ ಮಾತು ಎಂದಳು. ಪಡೆದಿದ್ದೇನೆ, ತೀರಿಸಬೇಕು.

ಅಷ್ಟರಲ್ಲಿ ಊಟದ ಜೀಪು ಬಂತು. ಊಟದ ಪಾತ್ರೆಗಳು ಕೆಳಗಿಳಿದವು, ಮಿಸೆಸ್ ಪ್ರೆಂಟಿಸ್ ಜೊತೆ ಅಂಜಲೈ, ಚಿಕ್ಕಮ್ಮ ಮೇಲೆ ಹತ್ತಿದರು. ಹೆಂಗಸರು ದೊರೆಯ ಜೀಪಿನಲ್ಲಿ ಕೂತದ್ದು ಅದೇ ಮೊದಲು. ನಾವು ಉಳಿದವರು ಅಡ್ಡದಾರಿಯಲ್ಲಿ ಗುಡ್ಡ ಹತ್ತಿದೆವು. ದಿನವೂ ಚಿಗುರು ಹೊತ್ತು ಹತ್ತುವ ಕಾಲುಗಳು. ಜೀಪಿಗಿಂತ ಮೊದಲೇ ಕೆಫೆಯ ಮುಂದೆ ನಿಂತಿದ್ದವು.

ಅಂಜಲೈ ನೇರ ಹೋದಳು. ಎಡಕ್ಕೆ ತಿರುಗಿದಳು. ಬೋರ್ಡಿನ ಬಾಗಿಲು ತೆರೆದು ಒಳಗೆ ಹೋಗಿ ಚಿಲಕ ಹಾಕಿದಳು. ಮಿಸೆಸ್ ಪ್ರೆಂಟಿಸ್ ಬಾಗಿಲಿಗೆ ಬೆನ್ನು ಕೊಟ್ಟು, ಊರುಗೋಲು ಊರಿ ನಿಂತಳು. ನಮ್ಮ ಹಿಂದೆ ಗುಡ್ಡ ಹತ್ತಿ ಬಂದ ಚಿಕ್ಕ ದೊರೆ ಏದುಸಿರು ಬಿಡುತ್ತ ಬಾಗಿಲನ್ನೇ ನೋಡುತ್ತಿದ್ದ.

"ಟರ್ನ್ ಲೆಫ್ಟ್ ಸರ್" ಎಂದಳು ಚಿಕ್ಕಮ್ಮ.

ಮಿಸೆಸ್ ಪ್ರೆಂಟಿಸ್ ಅವನನ್ನು ನೋಡುತ್ತಿದ್ದಳು. ಅವನು ತಿರುಗಿದ.

"ಸುಮ್ನೆ ನಿಲ್ಲಬಾರ್ದು ದೊರೆ. ಒಳಗೆ ಹೆಣ್ಣುಮಗಳವಳೆ. ಏನಾದ್ರೂ ಗಟ್ಟಿಯಾಗಿ ಮಾತಾಡಿ."

ಅವನು ಕಣಿವೆಯ ಕಡೆ ಮುಖ ಮಾಡಿ ತುಟಿ ಆಡಿಸಿದ. ಕೇಳಲಿಲ್ಲ ಎಂದಳು ಚಿಕ್ಕಮ್ಮ. ಮತ್ತೆ ಹೇಳಿದ.

"ದ ವೆದರ್ ಈಸ್ ನೈಸ್ ಟುಡೇ."

ಅವತ್ತು ಎಲ್ಲರೂ ಒಬ್ಬೊಬ್ಬರಾಗಿ ನೇರ ಹೋಗಿ ಎಡಕ್ಕೆ ತಿರುಗಿದರು. ಅವಸರವಿಲ್ಲದವರೂ ಹೋದರು. ಕನ್ನಡಿ ಇದೆಯಂತೆ, ಬಿಸಿನೀರು ಬರುತ್ತದಂತೆ. ಒಬ್ಬಳು ಸಾಬೂನು ತಂದಳು, ಅದನ್ನು ವಾಪಸು ಇಡಿಸಿದೆವು.

ಮಿಸೆಸ್ ಪ್ರೆಂಟಿಸ್ ಕಂಪನಿಗೆ ಬರೆಯುತ್ತೇನೆ ಎಂದು ಹೇಳಿ ಹೋದಳು. ಬರೆದಿರಬಹುದು. ಮರುದಿನ ಬೆಳಿಗ್ಗೆ ಆ ಬಾಗಿಲಿಗೆ ಹಿತ್ತಾಳೆ ಬೀಗ ಬಿದ್ದಿತ್ತು. ಅತಿಥಿಗಳು ಕೇಳಿದರೆ ಕೆಫೆಯವನು ಕೀಲಿ ಕೊಡುತ್ತಾನೆ. ಚಿಕ್ಕ ದೊರೆ ಹಾಳೆ ವಾಪಸು ಕಿತ್ತುಕೊಂಡ. ಇಂಗ್ಲಿಷ್ ತರಗತಿ ಬಂದ್ ಎಂದ. ನನ್ನ ತೇವದ ಕೆಲಸವೂ ಹೆಚ್ಚು ದಿನ ಇರುವ ಹಾಗೆ ಕಾಣಲಿಲ್ಲ.

ಸಂಜೆ ಕೂಸಿನ ಕೋಣೆಗೆ ಒಬ್ಬರೂ ಬರುವುದಿಲ್ಲ ಎಂದುಕೊಂಡು ಬೋರ್ಡು ಒರೆಸಲು ಹೋದೆ. ಎಲ್ಲರೂ ಬಂದು ಕೂತಿದ್ದರು. ತರಗತಿಗೆ ಎಂದೂ ಬಾರದ ಇನ್ನಷ್ಟು ಜನ ಬಾಗಿಲಲ್ಲಿ ನಿಂತಿದ್ದರು. ಅಂಜಲೈ ಮುಂದಿನ ಸಾಲಿನಲ್ಲಿ. ತೊಡೆಯ ಮೇಲೆ ದೊಡ್ಡ ನೀರಿನ ಬಾಟಲಿ.

"ಬೀಗಕ್ಕೆ ಏನಂತಾರೆ?" ಎಂದಳು ಚಿಕ್ಕಮ್ಮ.

"ಲಾಕ್."

"ಒಡಿಯೋದಕ್ಕೆ?"

ನಾನು ಬಾಗಿಲ ಕಡೆ ನೋಡಿದೆ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡೆ. ಮೂರು ಕಾಲದಲ್ಲೂ ಬರಿ ಎಂದಳು ಚಿಕ್ಕಮ್ಮ, ಒಂದೂ ಬಿಡಬೇಡ.

ಅಂಜಲೈ ಬಾಟಲಿಯನ್ನು ಬಾಯಿಗೆ ಬೋರಲು ಹಾಕಿ ಕೊನೆಯ ಹನಿಯವರೆಗೂ ಕುಡಿದಳು. ಖಾಲಿ ಬಾಟಲಿಯನ್ನು ನೆಲದ ಮೇಲಿಟ್ಟಳು.

"ಬೇಗ ಹೇಳ್ಕೊಡು," ಎಂದಳು. "ನೀರು ಕುಡಿದಾಗಿದೆ."